ಕಾಫಿ ತೋಟದ ನೆರಳಿನಲ್ಲಿ ನಿಲ್ಲುವ ಕ್ಯಾಂಪರ್ ವ್ಯಾನಿನ ಬ್ಯಾಟರಿ ಎರಡನೆಯ ರಾತ್ರಿಗೇ ಖಾಲಿಯಾಗುತ್ತಿದೆ, ಏನು ಮಾಡಬೇಕು?

ಕಕ್ಕಬ್ಬೆ ದಾರಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯವರು ಹಳೆಯ ಟೆಂಪೋ ಟ್ರಾವೆಲರ್ ಒಂದನ್ನು ಮಲಗುವುದಕ್ಕೂ ಅಡುಗೆಗೂ ಅನುಕೂಲವಾಗುವಂತೆ ಮಾರ್ಪಡಿಸಿಕೊಂಡಿದ್ದಾರೆ. ಛಾವಣಿಯ ಮೇಲೆ 100 ವ್ಯಾಟ್‌ನ ಎರಡು ಸೋಲಾರ್ ಪ್ಯಾನೆಲ್‌ಗಳಿವೆ. ಒಳಗೆ ಪ್ಯಾನೆಲಿನ ವಿದ್ಯುತ್ತನ್ನು ಹದವಾಗಿ ಬ್ಯಾಟರಿಗೆ ಬಿಡುವ, ಪಿಡಬ್ಲ್ಯೂಎಂ ಎಂಬ ಸರಳ ಮಾದರಿಯ ಚಾರ್ಜ್ ಕಂಟ್ರೋಲರ್, 150 ಎಎಚ್ (ಆಂಪಿಯರ್-ಅವರ್) ಸಾಮರ್ಥ್ಯದ ಟ್ಯೂಬುಲರ್ (ಸೀಸ-ಆಸಿಡ್) ಬ್ಯಾಟರಿ ಮತ್ತು ಮನೆಗಳಲ್ಲಿ ಬಳಸುವಂಥ 850 ವಿಎ ಇನ್ವರ್ಟರ್ ಇವೆ. ಇನ್ವರ್ಟರ್ ಮೂಲಕ ಒಂದು ಚಿಕ್ಕ 230 ವೋಲ್ಟ್ ಫ್ರಿಜ್, ಒಂದು ಟೇಬಲ್ ಫ್ಯಾನ್, ಎರಡು ಎಲ್‌ಇಡಿ ದೀಪ, ಲ್ಯಾಪ್‌ಟಾಪ್ ಮತ್ತು ಮನೆಮಂದಿಯ ಮೊಬೈಲ್‌ಗಳು ನಡೆಯುತ್ತವೆ.

ಕಕ್ಕಬ್ಬೆಯ ಕಡೆ, ತಡಿಯಂಡಮೋಳ್ ಬೆಟ್ಟದ ತಪ್ಪಲಿನಲ್ಲಿ ಸಂಬಂಧಿಕರ ಕಾಫಿ ತೋಟವಿದೆ. ರಜೆ ಸಿಕ್ಕಾಗಲೆಲ್ಲ ಅಲ್ಲಿಯೇ ವ್ಯಾನ್ ನಿಲ್ಲಿಸಿ ತಂಗುತ್ತೇವೆ. ಕರೆಂಟ್ ಕಂಬ ಅಲ್ಲಿಂದ ಬಹಳ ದೂರದಲ್ಲಿದೆ. ತೊಂದರೆಯೇನೆಂದರೆ, ಎರಡನೆಯ ರಾತ್ರಿ ಕಳೆಯುವುದರೊಳಗೆ ಇನ್ವರ್ಟರ್ ಬೀಪ್ ಹೊಡೆಯಲು ತೊಡಗುತ್ತದೆ. ಮಳೆಗಾಲದಲ್ಲಿ ಮಾತ್ರವಲ್ಲ, ಫೆಬ್ರವರಿಯ ಬಿಸಿಲಿನಲ್ಲಿಯೂ ಹೀಗೆಯೇ ಆಗುತ್ತಿದೆ. ಮೂರನೆಯ ಪ್ಯಾನೆಲ್ ಹಾಕಿಸಬೇಕೆ, ಎರಡನೆಯ ಬ್ಯಾಟರಿ ಕೊಳ್ಳಬೇಕೆ, ಇಲ್ಲವೇ ಜನರೇಟರ್ ತರಬೇಕೆ? ಕೊಡಗಿನಲ್ಲಿಯೇ ಹೀಗೆ ತಂಗಿ ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಬೆಟ್ಟದ ಜೀಪು

ಒಂದು ಕೆವಿಎ ಪೆಟ್ರೋಲ್ ಜನರೇಟರ್ ತನ್ನಿ ಸರ್, ಎಲ್ಲವೂ ಅಲ್ಲಿಗೇ ಮುಗಿಯುತ್ತದೆ. ಮರದ ಕೆಳಗೆ ಎಷ್ಟು ಪ್ಯಾನೆಲ್ ಹಾಸಿದರೂ ಪ್ರಯೋಜನವಿಲ್ಲ.

ತಂತಿ ಕೆಲಸ

ಏನನ್ನಾದರೂ ಕೊಳ್ಳುವ ಮೊದಲು ಒಂದು ದಿನದ ಖರ್ಚನ್ನು ಕಾಗದದ ಮೇಲೆ ಬರೆಯಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ. ಗೋಣಿಕೊಪ್ಪದ ಸುತ್ತಮುತ್ತ ಮನೆಗಳಿಗೂ ಹೋಂಸ್ಟೇಗಳಿಗೂ ವೈರಿಂಗ್ ಮಾಡುವವನು ನಾನು. ತಾವು ಹೇಳಿದ ಸಾಮಾನುಗಳನ್ನೇ ತೆಗೆದುಕೊಂಡು ಅಂದಾಜು ಮಾಡೋಣ.

ಆ ಫ್ರಿಜ್ ಕಕ್ಕಬ್ಬೆಯ ತಂಪಿನಲ್ಲಿ ದಿನಕ್ಕೆ ಸುಮಾರು 400 ವ್ಯಾಟ್-ಅವರ್ ತೆಗೆದುಕೊಳ್ಳಬಹುದು. 50 ವ್ಯಾಟ್‌ನ ಟೇಬಲ್ ಫ್ಯಾನ್ ಆರು ತಾಸು ತಿರುಗಿದರೆ 300. ಲ್ಯಾಪ್‌ಟಾಪ್‌ಗೆ 150, ಮೊಬೈಲ್‌ಗಳಿಗೆ 60, ದೀಪಗಳಿಗೆ 50. ಇಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದ ಒಂದು ಖರ್ಚಿದೆ. ಇನ್ವರ್ಟರ್ ತಾನು ಆನ್ ಆಗಿರುವುದಕ್ಕೇ, ಯಾವ ಸಾಮಾನನ್ನೂ ನಡೆಸದಿದ್ದರೂ, 15 ವ್ಯಾಟ್‌ನಷ್ಟು ಎಳೆಯುತ್ತಿರುತ್ತದೆ. ಫ್ರಿಜ್ ಇರುವುದರಿಂದ ಅದನ್ನು ಇಡೀ ದಿನ ಆನ್ ಇಡಲೇಬೇಕು. 15 ವ್ಯಾಟ್ ಅನ್ನು 24 ತಾಸಿಗೆ ಗುಣಿಸಿದರೆ 360 ವ್ಯಾಟ್-ಅವರ್, ಅಂದರೆ ಫ್ರಿಜ್ ತಿನ್ನುವುದಕ್ಕೆ ಹೆಚ್ಚುಕಡಿಮೆ ಸಮ. ಒಟ್ಟು 1,320 ವ್ಯಾಟ್-ಅವರ್ ಆಯಿತು. 12 ವೋಲ್ಟ್‌ಗೆ ಭಾಗಿಸಿದರೆ 110 ಎಎಚ್.

ಟ್ಯೂಬುಲರ್ ಬ್ಯಾಟರಿ ಬಾಳಿಕೆ ಬರಬೇಕಾದರೆ ಅದರ ಅರ್ಧವನ್ನಷ್ಟೇ ಬಳಸಬೇಕು, ಎಂದರೆ 75 ಎಎಚ್. ತಮ್ಮ ಖರ್ಚು ಮೊದಲ ದಿನವೇ ಆ ಗೆರೆಯನ್ನು ದಾಟುತ್ತಿದೆ. ನೆರಳಿನಲ್ಲಿರುವ ಪ್ಯಾನೆಲ್ ದಿನಕ್ಕೆ 200 ವ್ಯಾಟ್-ಅವರ್ ಕೊಟ್ಟರೆ ಅದೇ ದೊಡ್ಡದು. ಹೀಗಿರುವಾಗ ಎರಡನೆಯ ರಾತ್ರಿ ಬೀಪ್ ಬರುವುದು ಬ್ಯಾಟರಿಯ ದೋಷವಲ್ಲ.

ನಾನಾದರೆ ಮೊದಲು ಇನ್ವರ್ಟರ್ ಮೇಲಿನ ಅವಲಂಬನೆಯನ್ನು ಬಿಡಿಸುತ್ತೇನೆ. ನೇರವಾಗಿ 12 ವೋಲ್ಟ್‌ನಲ್ಲಿ ನಡೆಯುವ ಕಂಪ್ರೆಸರ್ ಫ್ರಿಜ್, 15 ವ್ಯಾಟ್‌ನ 12 ವೋಲ್ಟ್ ಫ್ಯಾನ್, ಲ್ಯಾಪ್‌ಟಾಪ್‌ಗೆ ಕಾರಿನಲ್ಲಿ ಬಳಸುವ ಚಾರ್ಜರ್, ಇಷ್ಟು ಬದಲಾಯಿಸಿದರೆ ಫ್ರಿಜ್‌ಗೆ 300, ಫ್ಯಾನಿಗೆ 90, ಲ್ಯಾಪ್‌ಟಾಪ್‌ಗೆ 130, ಮೊಬೈಲ್ ಮತ್ತು ದೀಪಕ್ಕೆ 110, ಒಟ್ಟು 630 ವ್ಯಾಟ್-ಅವರ್ ಸಾಕಾಗುತ್ತದೆ. ಒಂದು ಪ್ಯಾನೆಲ್ಲನ್ನೂ ಹೆಚ್ಚಿಸದೆ ಖರ್ಚು ಅರ್ಧಕ್ಕಿಂತ ಕೆಳಗೆ ಇಳಿಯಿತು.

ಸುಂಟಿಕೊಪ್ಪ ತೋಟ

ತಂತಿ ಕೆಲಸದವರು ಹೇಳಿದ್ದು ಸರಿಯಾಗಿದೆ. ನಮ್ಮ ತೋಟಗಳ ಸುತ್ತ ಆನೆ ಬಾರದಂತೆ ಹಾಕಿರುವ ಸೋಲಾರ್ ಬೇಲಿಯೇ ಇದಕ್ಕೆ ಸಾಕ್ಷಿ. ಒಂದು 12 ವೋಲ್ಟ್ ಬ್ಯಾಟರಿ, ಒಂದು ಸಣ್ಣ ಪ್ಯಾನೆಲ್, ಇಷ್ಟರಲ್ಲೇ ಅದು ಮೋಡ ಕವಿದ ದಿನಗಳಲ್ಲಿಯೂ ನಡೆಯುತ್ತದೆ. ಬೇಲಿಯ ಯಂತ್ರ ಕ್ಷಣಕ್ಕೊಮ್ಮೆ ಸಣ್ಣ ಮಿಡಿತವನ್ನು ಮಾತ್ರ ಬಿಡುವುದರಿಂದ ಸರಾಸರಿ ಎಳೆಯುವುದು ಕೆಲವೇ ವ್ಯಾಟ್. ಪ್ಯಾನೆಲ್ ದೊಡ್ಡದಾಗಿರುವುದರಿಂದಲ್ಲ, ಖರ್ಚು ಚಿಕ್ಕದಾಗಿರುವುದರಿಂದ ಅದು ಉಳಿದುಕೊಂಡಿದೆ.

ಇದೇ ಸಂದರ್ಭದಲ್ಲಿ ತೋಟದಲ್ಲಿ ತಂಗುವ ಎಲ್ಲರಲ್ಲಿಯೂ ಒಂದು ವಿನಂತಿ. ತಮ್ಮ ಬ್ಯಾಟರಿ ಖಾಲಿಯಾಯಿತೆಂದು ಬೇಲಿಯ ಬ್ಯಾಟರಿಗೆ ವೈರ್ ಸಿಕ್ಕಿಸಬೇಡಿ. ನಮ್ಮಲ್ಲಿ ತಂಗಿದ್ದವರೊಬ್ಬರು ಮೊಬೈಲ್ ಚಾರ್ಜ್ ಮಾಡಿಕೊಳ್ಳಲು ಹಾಗೆ ಮಾಡಿದ್ದರು. ಬೇಲಿ ಒಂದು ರಾತ್ರಿ ಸತ್ತರೆ ಆನೆ ಒಳಗೆ ಬರುತ್ತದೆ, ಮತ್ತು ಬೆಳಿಗ್ಗೆ ತೋಟಕ್ಕೆ ಇಳಿಯುವವರು ಕೆಲಸದ ಹೆಂಗಸರು.

ಜನರೇಟರ್ ವಿಷಯದಲ್ಲಿ ಜೀಪಿನವರ ಮಾತಿಗೆ ನಾನು ಒಪ್ಪುವುದಿಲ್ಲ. ಆನೆ ಓಡಾಡುವ ಜಾಗದಲ್ಲಿ ರಾತ್ರಿ ಕಿವಿ ತೆರೆದಿರಬೇಕು. ಬಿದಿರು ಮುರಿಯುವ ಸದ್ದು, ನಾಯಿ ಬೊಗಳುವ ಸದ್ದು ಕೇಳಿಸದಂತೆ ಯಂತ್ರ ಗುರ್ ಎನ್ನುತ್ತಿದ್ದರೆ ಅಪಾಯ ಹತ್ತಿರ ಬಂದದ್ದೂ ತಿಳಿಯುವುದಿಲ್ಲ. ಲೈನ್ ಮನೆಯವರು, ಅಂದರೆ ತೋಟದ ಕೆಲಸಗಾರರು, ನಸುಕಿಗೇ ಏಳುವವರು, ಅವರ ನಿದ್ದೆಯನ್ನೂ ಕೆಡಿಸಬಾರದು.

ಬೆಟ್ಟದ ಜೀಪು

ರಾತ್ರಿ ಹಾಕಬೇಕೆಂದು ನಾನು ಹೇಳಲಿಲ್ಲ ತೋಟದವರೇ. ಕಕ್ಕಡ ತಿಂಗಳಿನಲ್ಲಿ (ಜುಲೈ-ಆಗಸ್ಟ್) ಭಾಗಮಂಡಲದ ಕಡೆ ವಾರಗಟ್ಟಲೆ ಸೂರ್ಯನ ಮುಖವೇ ಕಾಣದು. ದಟ್ಟ ಮೋಡದಲ್ಲಿ ಪ್ಯಾನೆಲ್ ತನ್ನ ಶಕ್ತಿಯ ಹತ್ತರಲ್ಲೊಂದು ಪಾಲನ್ನು ಕೊಡುವುದೂ ಕಷ್ಟ. ಆಗ ಮಧ್ಯಾಹ್ನ ಎರಡು ತಾಸು ಜನರೇಟರ್ ಓಡಿಸುವುದರಲ್ಲಿ ತಪ್ಪೇನಿದೆ? 30 ಆಂಪಿಯರ್‌ನ ಒಳ್ಳೆಯ ಬ್ಯಾಟರಿ ಚಾರ್ಜರ್‌ಗೆ 500 ವ್ಯಾಟ್ ಆಸುಪಾಸು ಸಾಕು, ಸಣ್ಣ ಜನರೇಟರ್ ಅದನ್ನು ಸುಲಭವಾಗಿ ಹೊರುತ್ತದೆ. ಎರಡು ತಾಸಿಗೆ 60 ಎಎಚ್ ಒಳಗೆ ಬರುತ್ತದೆ.

ತಂತಿ ಕೆಲಸ

ಲಿಥಿಯಂ ಬ್ಯಾಟರಿಗೆ ಆ ಲೆಕ್ಕ ಸರಿ, ಟ್ಯೂಬುಲರ್‌ಗೆ ತಪ್ಪು. 150 ಎಎಚ್ ಟ್ಯೂಬುಲರ್‌ಗೆ 15 ಆಂಪಿಯರ್ ಸುಮಾರಿಗೆ ಚಾರ್ಜ್ ಮಾಡುವುದು ವಾಡಿಕೆ. ಅದೂ ಶೇಕಡ 80 ತುಂಬಿದ ಮೇಲೆ ಬ್ಯಾಟರಿ ತಾನಾಗಿಯೇ ಕಡಿಮೆ ಕಡಿಮೆ ಎಳೆಯುತ್ತದೆ, ಕೊನೆಯ ಐದನೆಯ ಒಂದು ಪಾಲಿಗೆ ಹಲವು ತಾಸು ಬೇಕು. ಆ ಹೊತ್ತಿನಲ್ಲಿ ಜನರೇಟರ್ ಸುಡುವ ಪೆಟ್ರೋಲ್ ಬಹುಪಾಲು ವ್ಯರ್ಥ. ಕೊನೆಯ ಆ ಪಾಲನ್ನು ತುಂಬದೆ ಪ್ರತಿ ಸಲ ಹಾಗೆಯೇ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಬ್ಯಾಟರಿಯ ಸಾಮರ್ಥ್ಯ ಶಾಶ್ವತವಾಗಿ ಇಳಿಯುತ್ತದೆ. ಕಕ್ಕಬ್ಬೆಯವರೇ, ಮನೆಗೆ ಮರಳಿದ ಕೂಡಲೇ ಆ ಬ್ಯಾಟರಿಯನ್ನು ಒಂದು ಇಡೀ ರಾತ್ರಿ ಚಾರ್ಜ್‌ಗೆ ಹಾಕಿ, ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ, ಹೈಡ್ರೋಮೀಟರಿನಿಂದ ಆರೂ ಕೋಶಗಳ ಗ್ರಾವಿಟಿ ಅಳೆಯಿರಿ. ಒಂದು ಕೋಶ ಮಾತ್ರ ಬಹಳ ಕಡಿಮೆ ತೋರಿಸಿದರೆ ಆ ಬ್ಯಾಟರಿಯ ಕಥೆ ಮುಗಿದಿದೆ ಎಂದು ತಿಳಿಯಬೇಕು.

ಸೋಮವಾರಪೇಟೆ ಅಕ್ಕ

ಜನರೇಟರ್ ಬಳಸುವವರು ಅದನ್ನು ವ್ಯಾನಿನ ಒಳಗಾಗಲಿ, ಬಾಗಿಲಿನ ಪಕ್ಕದಲ್ಲಾಗಲಿ, ಟಾರ್ಪಾಲಿನ ಕೆಳಗಾಗಲಿ ಎಂದಿಗೂ ಇಡಬಾರದು. ಮಳೆ ಬರುತ್ತಿದೆಯೆಂದು ಅದನ್ನು ಹತ್ತಿರಕ್ಕೆ ಎಳೆದುಕೊಳ್ಳುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದವರು ಏಳುವುದೇ ಇಲ್ಲ. ಬ್ಯಾಟರಿ ತುಂಬಿಸಲು ವಾಹನದ ಎಂಜಿನ್ನನ್ನು ಓಡುತ್ತಿರಲು ಬಿಟ್ಟು ಒಳಗೆ ಮಲಗುವುದೂ ಅಷ್ಟೇ ಅಪಾಯಕಾರಿ.

ಮೈಸೂರು ರಸ್ತೆ

ವಾಹನದ ಎಂಜಿನ್ನಿನ ಮಾತು ಬಂದದ್ದು ಒಳ್ಳೆಯದಾಯಿತು. ಎಲ್ಲರೂ ಛಾವಣಿಯ ಕಡೆಗೇ ನೋಡುತ್ತಿದ್ದೀರಿ, ಬಾನೆಟ್ಟಿನ ಕೆಳಗೆ ಎಂಜಿನ್ನಿನಿಂದ ತಿರುಗಿ ವಿದ್ಯುತ್ ಮಾಡುವ ಆಲ್ಟರ್ನೇಟರನ್ನು ಯಾರೂ ನೆನೆಯಲಿಲ್ಲ. ಮೈಸೂರಿನಿಂದ ಕಕ್ಕಬ್ಬೆಗೆ ಬರುವಷ್ಟರಲ್ಲಿ ಎಂಜಿನ್ ಎಷ್ಟು ತಾಸು ಓಡಿರುತ್ತದೆ! ಆ ಹೊತ್ತಿನಲ್ಲಿ ಎಂಜಿನ್ ಕಡೆಯಿಂದ ಹಿಂದಿನ ಬ್ಯಾಟರಿಯನ್ನು ತುಂಬಿಸುವ 30 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್ ಒಂದು ಇದ್ದರೆ ವ್ಯಾನಿನೊಳಗಿನ ಬ್ಯಾಟರಿ ತುಂಬಿಕೊಂಡೇ ತೋಟ ಸೇರುತ್ತೀರಿ. ತಂಗಿರುವಾಗಲೂ ಮಡಿಕೇರಿಗೋ ವಿರಾಜಪೇಟೆಗೋ ಸಾಮಾನು ತರಲು ಹೋಗಿಯೇ ಹೋಗುತ್ತೀರಿ, ಆ ಒಂದು ಓಡಾಟ ನೆರಳಿನ ಪ್ಯಾನೆಲ್ ಇಡೀ ದಿನ ಕೊಡುವುದಕ್ಕಿಂತ ಹೆಚ್ಚು ಕೊಡುತ್ತದೆ. ಜನರೇಟರ್ ಏಕೆ ಬೇಕು?

ಸಾಮಾನ್ಯ ರಿಲೇ (ತಾನಾಗಿ ಕೂಡುವ ಸ್ವಿಚ್) ಹಾಕಿ ಎರಡು ಬ್ಯಾಟರಿಗಳನ್ನು ಸೇರಿಸುವ ಪದ್ಧತಿ ಹಳೆಯ ವಾಹನಗಳಿಗೆ ಸಾಕಾಗುತ್ತಿತ್ತು. 2020ರ ಏಪ್ರಿಲ್‌ನಿಂದ ಬಂದಿರುವ ಬಿಎಸ್-6 ವಾಹನಗಳಲ್ಲಿ ಅನೇಕವು ಇಂಧನ ಉಳಿಸಲು ಆಲ್ಟರ್ನೇಟರಿನ ವೋಲ್ಟೇಜನ್ನು ಬೇಕೆಂದಾಗ ಇಳಿಸುತ್ತವೆ. ಆಗ ರಿಲೇ ಬಿಟ್ಟುಹೋಗುತ್ತದೆ, ಇಲ್ಲವೇ ಬ್ಯಾಟರಿ ಅರ್ಧಂಬರ್ಧ ತುಂಬುತ್ತದೆ. ಡಿಸಿ-ಡಿಸಿ ಚಾರ್ಜರ್ ಒಳಬರುವ ವೋಲ್ಟೇಜ್ ಎಷ್ಟೇ ಇರಲಿ, ಬ್ಯಾಟರಿಗೆ ಬೇಕಾದ 14.4 ವೋಲ್ಟನ್ನು ತಾನೇ ಮಾಡಿಕೊಡುತ್ತದೆ. ಲಿಥಿಯಂಗೆ ಇದು ಇನ್ನೂ ಅಗತ್ಯ. ಲಿಥಿಯಂ ಬ್ಯಾಟರಿ ಸಿಕ್ಕಷ್ಟನ್ನೂ ಎಳೆದುಕೊಳ್ಳುವ ಸ್ವಭಾವದ್ದು, ಘಾಟಿಯಲ್ಲಿ ನಿಧಾನವಾಗಿ ಏರುವಾಗ ಆಲ್ಟರ್ನೇಟರಿಗೆ ಗಾಳಿಯೂ ಸಾಲದೆ ಅದು ಕಾದು ಸುಟ್ಟುಹೋಗಬಹುದು. ಚಾರ್ಜರ್ ಆ ಎಳೆತಕ್ಕೆ ಮಿತಿ ಹಾಕುತ್ತದೆ.

ವೈರಿನಲ್ಲಿ ಜಿಪುಣತನ ಬೇಡ. ಮುಂದಿನ ಬ್ಯಾಟರಿಯಿಂದ ಹಿಂದಿನದಕ್ಕೆ ಐದು ಮೀಟರ್ ಎಂದುಕೊಂಡರೆ ಹೋಗಿ ಬರುವ ದಾರಿ ಹತ್ತು ಮೀಟರ್. 6 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ 20 ಆಂಪಿಯರ್ ಹರಿದರೆ ಅರ್ಧ ವೋಲ್ಟಿಗಿಂತ ಹೆಚ್ಚು ದಾರಿಯಲ್ಲೇ ಸೋರಿಹೋಗುತ್ತದೆ. 16 ಚದರ ಮಿ.ಮೀ. ಹಾಕಿದರೆ ಆ ನಷ್ಟ 0.2 ವೋಲ್ಟಿನ ಸುಮಾರಿಗೆ ಇಳಿಯುತ್ತದೆ.

ಹಾರಂಗಿ ದಂಡೆ

ಮೈಸೂರು ರಸ್ತೆಯವರ ಮಾತು ಚೆನ್ನಾಗಿದೆ, ಆದರೆ ಬ್ಯಾಟರಿ ತುಂಬಿಸುವುದಕ್ಕೆಂದೇ ಯಾರೂ ಡೀಸೆಲ್ ಸುಡಬಾರದು ಎಂಬುದನ್ನೂ ಸೇರಿಸಬೇಕಿತ್ತು. ನಿಂತಲ್ಲೇ ಎಂಜಿನ್ ಓಡಿಸಿದರೆ ಆಲ್ಟರ್ನೇಟರ್ ಕಡಿಮೆ ವೇಗದಲ್ಲಿ ತಿರುಗಿ ಬಹಳ ಕಡಿಮೆ ಕೊಡುತ್ತದೆ.

ನಾವು ಕುಶಾಲನಗರದ ಕಡೆಯವರು. ಇಲ್ಲಿ ಮಳೆಯೂ ಕಡಿಮೆ, ಬಯಲೂ ಹೆಚ್ಚು. ಇಲ್ಲಿ ನಡೆಯುವ ಸೋಲಾರ್ ಲೆಕ್ಕ ಕಕ್ಕಬ್ಬೆಗೆ ನಡೆಯುವುದಿಲ್ಲ. ಬೆಟ್ಟದ ತಪ್ಪಲಿನಲ್ಲಿ ಬಿಸಿಲು ತಡವಾಗಿ ಬಂದು ಬೇಗ ಹೋಗುತ್ತದೆ, ಅದರ ಮೇಲೆ ಸಿಲ್ವರ್ ಓಕ್ ಮತ್ತು ಹಾಲುವಾಣದ ನೆರಳು ಬೇರೆ. ಒಂದು ಎಲೆಯ ನೆರಳು ಬಿದ್ದರೂ ಸೀರೀಸ್‌ನಲ್ಲಿ (ಒಂದರ ಹಿಂದೆ ಒಂದರಂತೆ) ಜೋಡಿಸಿದ ಪ್ಯಾನೆಲ್‌ಗಳೆಲ್ಲ ನಿಂತುಹೋಗುತ್ತವೆ, ಆದ್ದರಿಂದ ಪ್ಯಾರಲಲ್ (ಅಕ್ಕಪಕ್ಕದ) ಜೋಡಣೆಯೇ ಸರಿ.

ಪೊನ್ನಂಪೇಟೆ ಪ್ರಯೋಗಶಾಲೆ

ಕೊನೆಯ ವಾಕ್ಯವನ್ನು ತಿದ್ದಲೇಬೇಕಾಗಿದೆ, ಏಕೆಂದರೆ ಇದನ್ನು ಎಲ್ಲರೂ ಹೇಳುತ್ತಾರೆ. ಪ್ಯಾನೆಲ್ ಹಿಂದಿನ ಡಬ್ಬಿಯಲ್ಲಿ ಬೈಪಾಸ್ ಡಯೋಡ್‌ಗಳಿರುತ್ತವೆ. 36 ಕೋಶಗಳ 100 ವ್ಯಾಟ್ ಪ್ಯಾನೆಲಿನಲ್ಲಿ ಸಾಮಾನ್ಯವಾಗಿ ಎರಡು ಡಯೋಡ್, ಒಂದೊಂದರ ಪಾಲಿಗೆ 18 ಕೋಶ. ಒಂದು ಕಡೆ ಗಾಢ ನೆರಳು ಬಿದ್ದರೆ ಆ 18 ಕೋಶಗಳನ್ನು ಬದಿಗೆ ಬಿಟ್ಟು ಡಯೋಡ್ ಮೂಲಕ ವಿದ್ಯುತ್ ಮುಂದೆ ಹರಿಯುತ್ತದೆ. ಎರಡು ಪ್ಯಾನೆಲ್ ಸೀರೀಸ್‌ನಲ್ಲಿದ್ದರೆ 18 ವೋಲ್ಟ್ ಮತ್ತು 9 ವೋಲ್ಟ್ ಸೇರಿ 27 ವೋಲ್ಟ್ ಉಳಿಯುತ್ತದೆ, ಹೆಚ್ಚಿನ ವೋಲ್ಟೇಜನ್ನು ಆಂಪಿಯರ್ ಆಗಿ ಬದಲಾಯಿಸಬಲ್ಲ ಎಂಪಿಪಿಟಿ ಕಂಟ್ರೋಲರ್ ಅದರಿಂದ ಸಲೀಸಾಗಿ ಬ್ಯಾಟರಿ ತುಂಬಿಸುತ್ತದೆ. ಅದೇ ಪ್ಯಾರಲಲ್‌ನಲ್ಲಿದ್ದರೆ ನೆರಳು ಬಿದ್ದ ಪ್ಯಾನೆಲಿನ 9 ವೋಲ್ಟ್ 12 ವೋಲ್ಟಿನ ಬ್ಯಾಟರಿಗೆ ಏರಲಾರದು, ಅದರ ಚೆನ್ನಾಗಿರುವ ಅರ್ಧವೂ ವ್ಯರ್ಥವಾಗುತ್ತದೆ. ಕಂಟ್ರೋಲರ್ ಪಿಡಬ್ಲ್ಯೂಎಂ ಆಗಿದ್ದರೆ ಮಾತ್ರ ಪ್ಯಾರಲಲ್ ಜೋಡಣೆಗೆ ಅರ್ಥವಿದೆ, ಅದು ಹೆಚ್ಚಿನ ವೋಲ್ಟೇಜನ್ನು ಆಂಪಿಯರ್ ಆಗಿ ಬದಲಾಯಿಸಲಾರದು.

ಇನ್ನೊಂದು ಮಾತು ಪ್ಯಾನೆಲಿನ ಓರೆಯ ಬಗ್ಗೆ. ಕೊಡಗು ಸುಮಾರು 12.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಮೂರನೆಯ ವಾರದ ಆಚೆಗೆ ನಡುಹಗಲಿನ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ, ಆಗ ಛಾವಣಿಗೆ ಅಂಟಿ ಮಲಗಿರುವ ಪ್ಯಾನೆಲ್ ಸರಿಯಾಗಿಯೇ ಇರುತ್ತದೆ. ಹುತ್ತರಿ ಸುಗ್ಗಿಹಬ್ಬದ ಸುಮಾರಿಗೆ, ಅಂದರೆ ಡಿಸೆಂಬರಿನಲ್ಲಿ, ಸೂರ್ಯ ದಕ್ಷಿಣಕ್ಕೆ ಸರಿದು ನಡುಹಗಲಿನಲ್ಲಿಯೂ 54 ಡಿಗ್ರಿಗಿಂತ ಮೇಲೇರುವುದಿಲ್ಲ. ಮಲಗಿರುವ ಪ್ಯಾನೆಲ್ ಆಗ ನಡುಹಗಲಲ್ಲೇ ಐದನೆಯ ಒಂದು ಪಾಲಿನಷ್ಟು ಕಳೆದುಕೊಳ್ಳುತ್ತದೆ. ದಕ್ಷಿಣಕ್ಕೆ ಎತ್ತಿ ನಿಲ್ಲಿಸುವ ಕಾಲುಗಳಿದ್ದರೆ ಅದು ಮರಳಿ ಸಿಗುತ್ತದೆ.

ಹಾರಂಗಿ ದಂಡೆ

ಎಂಪಿಪಿಟಿ ಜೊತೆಗೆ ಎಂದಾದರೆ ಒಪ್ಪುತ್ತೇನೆ. ನಾನು ಹೇಳಿದ್ದು ಪಿಡಬ್ಲ್ಯೂಎಂ ಇರುವ ಅವರ ಈಗಿನ ವ್ಯವಸ್ಥೆಗೆ.

ಸೋಮವಾರಪೇಟೆ ಅಕ್ಕ

ಛಾವಣಿಯ ಪ್ಯಾನೆಲ್ ವ್ಯಾನಿನ ಜೊತೆಗೇ ನೆರಳಿನಲ್ಲಿ ನಿಲ್ಲಬೇಕಾಗುತ್ತದೆ ಎಂಬುದೇ ಮುಖ್ಯ ತೊಂದರೆ. ವ್ಯಾನ್ ಬಿಸಿಲಿನಲ್ಲಿದ್ದರೆ ಒಳಗೆ ಸೆಕೆ, ಫ್ರಿಜ್ ಹೆಚ್ಚು ಓಡುತ್ತದೆ. ವ್ಯಾನ್ ನೆರಳಿನಲ್ಲಿದ್ದರೆ ಪ್ಯಾನೆಲ್ ಸಾಯುತ್ತದೆ. ನಾವು ಮಡಚುವ ಪ್ಯಾನೆಲ್ ಒಂದನ್ನು ಉದ್ದನೆಯ ವೈರಿನೊಂದಿಗೆ ಕಾಫಿ ಒಣಗಿಸುವ ಕಣದಲ್ಲಿ ಇಡುತ್ತೇವೆ. ವ್ಯಾನ್ ಮರದ ಕೆಳಗೆ, ಪ್ಯಾನೆಲ್ ಬಯಲಿನಲ್ಲಿ. ಮಧ್ಯಾಹ್ನ ಒಮ್ಮೆ ಹೋಗಿ ತಿರುಗಿಸಿ ಇಟ್ಟರೆ ಸಂಜೆಯವರೆಗೂ ಬಿಸಿಲು ಸಿಗುತ್ತದೆ.

ಸುಂಟಿಕೊಪ್ಪ ತೋಟ

ಅಕ್ಕ, ಕಣದ ವಿಷಯದಲ್ಲಿ ತೋಟದ ಯಜಮಾನರನ್ನು ಕೇಳದೆ ಯಾರೂ ಹಾಗೆ ಮಾಡಬಾರದು. ಡಿಸೆಂಬರಿನಿಂದ ಮಾರ್ಚಿಯವರೆಗೆ, ಅರೇಬಿಕಾ ಮುಗಿದು ರೊಬಸ್ಟಾ ಒಣಗುವವರೆಗೆ, ಕಣ ಎಂದರೆ ನಮ್ಮ ವರ್ಷದ ಅನ್ನ. ಅಲ್ಲಿ ಹರಡಿರುವ ಕಾಫಿಯ ಮೇಲೆ ನೆರಳು ಬೀಳಬಾರದು, ವೈರ್ ಅಡ್ಡ ಬಂದು ಕಾಫಿ ಎಳೆಯುವವರು ಎಡವಬಾರದು. ಸರಿಯಾಗಿ ಬಿಸಿಲಿರುವ ತಿಂಗಳುಗಳಲ್ಲಿಯೇ ಕಣ ಖಾಲಿ ಇರುವುದಿಲ್ಲ. ಅದರ ಬದಲು ಕೊಯ್ಲು ಮುಗಿದ ಗದ್ದೆ ಎಷ್ಟೋ ವಾಸಿ. ಹುತ್ತರಿ ಕಳೆದು ಭತ್ತ ಕೊಯ್ದ ಮೇಲೆ ಗದ್ದೆ ಬಯಲಾಗಿಯೇ ಬಿದ್ದಿರುತ್ತದೆ. ದನ ಮೇಯಲು ಬರುತ್ತವೆ ಎಂಬುದನ್ನು ಮಾತ್ರ ನೆನಪಿಟ್ಟು ಪ್ಯಾನೆಲಿನ ಸುತ್ತ ನಾಲ್ಕು ಗೂಟ ನೆಟ್ಟು ಹಗ್ಗ ಕಟ್ಟಿ.

ಸೋಮವಾರಪೇಟೆ ಅಕ್ಕ

ತಾವು ಹೇಳಿದ್ದು ನ್ಯಾಯ. ನಮ್ಮದು ಸ್ವಂತ ಕಣವಾದ್ದರಿಂದ ಮೂಲೆಯಲ್ಲಿ ಜಾಗ ಬಿಟ್ಟುಕೊಂಡಿರುತ್ತೇವೆ, ಬೇರೆಯವರ ತೋಟದಲ್ಲಿ ಕೇಳಿಯೇ ಇಡಬೇಕು.

ತಂತಿ ಕೆಲಸ

ದೂರದಲ್ಲಿ ಪ್ಯಾನೆಲ್ ಇಡುವವರಿಗೆ ಒಂದು ಸೂಚನೆ. ಮಡಚುವ ಪ್ಯಾನೆಲ್ಲುಗಳ ಬೆನ್ನಿಗೇ ಕಂಟ್ರೋಲರ್ ಅಂಟಿಸಿ ಮಾರುತ್ತಾರೆ. ಅದನ್ನು ಬಿಚ್ಚಿ ಬ್ಯಾಟರಿಯ ಹತ್ತಿರಕ್ಕೆ ತರಬೇಕು. ಕಂಟ್ರೋಲರ್ ಬ್ಯಾಟರಿಯ ವೋಲ್ಟೇಜನ್ನು ಅಳೆದು ತೀರ್ಮಾನಿಸುವ ಯಂತ್ರ. ದೂರದಲ್ಲಿದ್ದರೆ ವೈರಿನ ನಷ್ಟವನ್ನೂ ಸೇರಿಸಿ ಅಳೆಯುತ್ತದೆ, ಬ್ಯಾಟರಿ ತುಂಬುವ ಮೊದಲೇ ತುಂಬಿತೆಂದು ತಿಳಿದು ಕೈಬಿಡುತ್ತದೆ. ಹತ್ತು ಮೀಟರ್ ದೂರಕ್ಕೆ 4 ಚದರ ಮಿ.ಮೀ. ಸೋಲಾರ್ ಕೇಬಲ್ ಹಾಕಿದರೆ 8 ಆಂಪಿಯರ್‌ಗೆ 0.7 ವೋಲ್ಟಿನಷ್ಟು ಮಾತ್ರ ನಷ್ಟವಾಗುತ್ತದೆ, ಪ್ಯಾನೆಲಿನ 18 ವೋಲ್ಟಿನಲ್ಲಿ ಅದನ್ನು ಸಹಿಸಬಹುದು.

ವಿರಾಜಪೇಟೆ ಗ್ಯಾರೇಜ್

ಇಷ್ಟೆಲ್ಲ ಮಾಡುವ ಬದಲು 100 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕಿಸಿಬಿಡುವುದು ಉತ್ತಮ ಎಂಬುದು ನನ್ನ ಅಭಿಪ್ರಾಯ. ಟ್ಯೂಬುಲರ್ ಬ್ಯಾಟರಿ ಮನೆಯ ಮೂಲೆಯಲ್ಲಿ ಅಲುಗಾಡದೆ ಕೂರುವುದಕ್ಕೆಂದು ಮಾಡಿದ್ದು. 50 ಕಿಲೋ ಮೀರಿದ ಆ ಭಾರವನ್ನು ಘಾಟಿಯ ತಿರುವುಗಳಲ್ಲಿ ಹೊತ್ತು ತಿರುಗಿಸಿದರೆ ಆಸಿಡ್ ತುಳುಕುತ್ತದೆ, ಕ್ಲ್ಯಾಂಪ್ ಸಡಿಲವಾಗುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಬಿಡುವುದರಿಂದ ಮಲಗುವ ಜಾಗದಲ್ಲಿ ಅದನ್ನು ಇಡಲೇಬಾರದು, ಇಡಲೇಬೇಕಾದರೆ ಹೊರಗೆ ಗಾಳಿ ಹೋಗುವ ಕೊಳವೆಯಿರುವ ಮುಚ್ಚಿದ ಪೆಟ್ಟಿಗೆ ಬೇಕು. ಲಿಥಿಯಂ 100 ಎಎಚ್ ತೂಗುವುದು 12 ಕಿಲೋ ಆಸುಪಾಸು, ಅದರಲ್ಲಿ 80ರಿಂದ 90 ಎಎಚ್ ನಿಶ್ಚಿಂತೆಯಿಂದ ಬಳಸಬಹುದು. ಅರ್ಧ ತುಂಬಿದ ಸ್ಥಿತಿಯಲ್ಲಿ ದಿನಗಟ್ಟಲೆ ಇದ್ದರೂ ಅದಕ್ಕೆ ಹಾನಿಯಿಲ್ಲ, ನೆರಳಿನ ಊರಿಗೆ ಇದೇ ಅದರ ದೊಡ್ಡ ಗುಣ.

ಹಾರಂಗಿ ದಂಡೆ

ಬೆಲೆಯನ್ನೂ ಹೇಳಬೇಕಲ್ಲವೇ? ವರ್ಷದಲ್ಲಿ ನಾಲ್ಕು ರಜೆಗೆ ಹೊರಡುವವರು ಟ್ಯೂಬುಲರಿಗಿಂತ ಹೆಚ್ಚು ಹಣವನ್ನು ಲಿಥಿಯಂಗೆ ಸುರಿಯುವುದು ನನಗೆ ಸರಿ ಕಾಣುವುದಿಲ್ಲ. ತಂತಿ ಕೆಲಸದವರು ಹೇಳಿದಂತೆ ಖರ್ಚನ್ನು 52 ಎಎಚ್‌ಗೆ ಇಳಿಸಿದರೆ ಇರುವ ಬ್ಯಾಟರಿಯ ಅರ್ಧದಲ್ಲಿಯೇ ಒಂದು ದಿನ ಕಳೆಯುತ್ತದೆ.

ವಿರಾಜಪೇಟೆ ಗ್ಯಾರೇಜ್

ಒಂದು ದಿನ ಕಳೆಯುತ್ತದೆ ಸರ್, ಎರಡನೆಯ ದಿನ? ಟ್ಯೂಬುಲರ್ ಮರಳಿ ತುಂಬಲು ಒಂದು ಇಡೀ ಹಗಲಿನ ನಿರಂತರ ಚಾರ್ಜ್ ಬೇಕು. ಮಡಿಕೇರಿಗೆ ಹೋಗಿ ಬರುವ ಎರಡು ತಾಸಿನಲ್ಲಿ ಅದು 30 ಎಎಚ್ ಹಿಡಿದರೆ ಹೆಚ್ಚು, ಲಿಥಿಯಂ 60 ಎಎಚ್ ಹಿಡಿಯುತ್ತದೆ. ಬಿಸಿಲು ಗಂಟೆಗಳ ಲೆಕ್ಕದಲ್ಲಿ ಮಾತ್ರ ಸಿಗುವ ಜಾಗದಲ್ಲಿ, ಸಿಕ್ಕ ಸಮಯದಲ್ಲಿ ಬೇಗ ತುಂಬಿಕೊಳ್ಳುವ ಬ್ಯಾಟರಿಯೇ ಬೇಕು. ಎಷ್ಟು ರಜೆಗೆ ಹೊರಡುತ್ತೀರಿ ಎನ್ನುವುದಕ್ಕಿಂತ ಒಂದು ಸಲಕ್ಕೆ ಎಷ್ಟು ದಿನ ನಿಲ್ಲುತ್ತೀರಿ ಎಂಬುದರ ಮೇಲೆ ಇದನ್ನು ತೀರ್ಮಾನಿಸಬೇಕು. ಶನಿವಾರ ಬಂದು ಭಾನುವಾರ ಹೊರಡುವವರಿಗೆ ಟ್ಯೂಬುಲರ್ ಸಾಕು ಎಂಬುದನ್ನು ನಾನೂ ಒಪ್ಪುತ್ತೇನೆ.

ಪೊನ್ನಂಪೇಟೆ ಪ್ರಯೋಗಶಾಲೆ

ಲಿಥಿಯಂ ಹಾಕಿಸಿದವರು ವೋಲ್ಟ್‌ಮೀಟರ್ ನೋಡಿ ಎಷ್ಟು ಉಳಿದಿದೆ ಎಂದು ಅಂದಾಜು ಮಾಡಲು ಹೋಗಬಾರದು. ಸೀಸದ ಬ್ಯಾಟರಿ ಕೆಲವು ತಾಸು ವಿಶ್ರಾಂತಿಯಲ್ಲಿದ್ದ ಮೇಲೆ 12.7 ತೋರಿಸಿದರೆ ಪೂರ್ಣ, 12.1 ಸುಮಾರಿಗೆ ಬಂದರೆ ಅರ್ಧ. ಸಾಮಾನು ಓಡುತ್ತಿರುವಾಗ ಅಳೆದರೆ ಆ ಅಂಕಿಗೆ ಅರ್ಥವಿಲ್ಲ. ಲಿಥಿಯಂ ಫಾಸ್ಫೇಟಿನಲ್ಲಿ ಶೇಕಡ 80ರಿಂದ 20ರವರೆಗೂ ವೋಲ್ಟೇಜ್ 13ರ ಆಚೀಚೆಯೇ ನಿಂತಿರುತ್ತದೆ, ಆಮೇಲೆ ತಟ್ಟನೆ ಬೀಳುತ್ತದೆ. ಒಳಬಂದ ಮತ್ತು ಹೊರಹೋದ ಆಂಪಿಯರನ್ನು ಎಣಿಸುವ ಶಂಟ್ ಮೀಟರ್ ಒಂದನ್ನು ಮೈನಸ್ ತಂತಿಗೆ ಹಾಕಿಸಿ. ಯಾವ ಸಾಮಾನು ಎಷ್ಟು ತಿನ್ನುತ್ತದೆ ಎಂಬುದು ಒಂದೇ ರಾತ್ರಿಯಲ್ಲಿ ಕಣ್ಣಿಗೆ ಕಾಣುತ್ತದೆ.

ನಾಪೋಕ್ಲು ಹೋಂಸ್ಟೇ

ನಮ್ಮಲ್ಲಿಗೆ ವ್ಯಾನಿನಲ್ಲಿ ಬರುವವರಿಗೆ ಅಂಗಳದಲ್ಲಿ 16 ಆಂಪಿಯರ್ ಪ್ಲಗ್ ಕೊಟ್ಟಿದ್ದೇವೆ. ತೋಟದಲ್ಲಿ ಮೂರು ದಿನ ತಂಗಿ, ಒಂದು ರಾತ್ರಿ ಹೀಗೆ ಹೋಂಸ್ಟೇ ಅಂಗಳದಲ್ಲಿ ನಿಂತು ಬ್ಯಾಟರಿ ತುಂಬಿಸಿಕೊಂಡು ಹೋಗುವವರಿದ್ದಾರೆ, ಮಳೆಗಾಲಕ್ಕೆ ಇದಕ್ಕಿಂತ ನೆಮ್ಮದಿಯ ದಾರಿಯಿಲ್ಲ. ಹಳ್ಳಿಯ ಲೈನಿನಲ್ಲಿ ವೋಲ್ಟೇಜ್ ಬಹಳ ಇಳಿಯುತ್ತದೆ, ಹಾಗಾಗಿ ಕಡಿಮೆ ವೋಲ್ಟೇಜಿನಲ್ಲಿಯೂ ನಡೆಯುವ ಚಾರ್ಜರ್ ತರಬೇಕು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಶುರುವಾದರೆ ಪ್ಲಗ್ಗನ್ನು ಕಿತ್ತಿಡಬೇಕು. ಸಿಡಿಲಿಗೆ ಚಾರ್ಜರ್ ಸುಟ್ಟುಕೊಂಡವರು ನಮ್ಮ ಅಂಗಳದಲ್ಲಿಯೇ ಇದ್ದಾರೆ.

ಬೆಟ್ಟದ ಜೀಪು

ತೋಟದಲ್ಲಿ ತೋಡು (ಸಣ್ಣ ಹಳ್ಳ) ಇದ್ದರೆ ಅದರ ನೀರಿನಿಂದಲೇ ಮಾಡಬಹುದಲ್ಲವೇ? ಪಶ್ಚಿಮ ಘಟ್ಟದ ಎಷ್ಟೋ ಒಂಟಿ ಮನೆಗಳಲ್ಲಿ ಪೈಪಿನಿಂದ ಇಳಿಯುವ ನೀರಿನಲ್ಲಿ ಸಣ್ಣ ಟರ್ಬೈನ್ ತಿರುಗಿಸಿ ದೀಪ ಉರಿಸುತ್ತಾರೆ. ಮಳೆಗಾಲದಲ್ಲಿ ಬಿಸಿಲು ಇಲ್ಲದಾಗಲೇ ನೀರು ಹೆಚ್ಚು.

ಪೊನ್ನಂಪೇಟೆ ಪ್ರಯೋಗಶಾಲೆ

ತತ್ತ್ವದಲ್ಲಿ ಬಹಳ ಒಳ್ಳೆಯದು. ಸೆಕೆಂಡಿಗೆ ಎರಡು ಲೀಟರ್ ನೀರು ಹತ್ತು ಮೀಟರ್ ಎತ್ತರದಿಂದ ಇಳಿದರೆ, ಅರ್ಧ ನಷ್ಟವಾದರೂ 98 ವ್ಯಾಟ್ ಸಿಗುತ್ತದೆ. ಅದು ರಾತ್ರಿ ಹಗಲು ಓಡುವುದರಿಂದ ದಿನಕ್ಕೆ 2,300 ವ್ಯಾಟ್-ಅವರ್ ದಾಟುತ್ತದೆ, ಅಂದರೆ ಬಿಸಿಲಿನಲ್ಲಿ ನಿಂತ 200 ವ್ಯಾಟ್ ಪ್ಯಾನೆಲಿನ ಮೂರು ಪಟ್ಟಿಗಿಂತಲೂ ಹೆಚ್ಚು. ಆದರೆ ಪೈಪ್, ಕಸ ತಡೆಯುವ ಜಾಲರಿ, ಬ್ಯಾಟರಿ ತುಂಬಿದ ಮೇಲೆ ಉಳಿದ ವಿದ್ಯುತ್ತನ್ನು ಸುಡುವ ಹೀಟರ್ ಎಲ್ಲವೂ ಬೇಕು. ತೋಟದ ಯಜಮಾನರು ಶಾಶ್ವತವಾಗಿ ಮಾಡಿಸಿಕೊಳ್ಳಬೇಕಾದ ಕೆಲಸ ಅದು, ನಾಲ್ಕು ದಿನ ತಂಗುವವರದ್ದಲ್ಲ.

ಮಾದಾಪುರ ಹಾದಿ

ಒಂದು ವಿಷಯ ಇನ್ನೂ ಯಾರೂ ಹೇಳಲಿಲ್ಲ. ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಯನ್ನು ಬೇರೆ ಯಾವುದಕ್ಕೂ ಬಳಸಬಾರದು. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದಾಗ ನಮ್ಮ ಕಡೆ ಕರೆಂಟೂ ಇರಲಿಲ್ಲ, ರಸ್ತೆಯೂ ಇರಲಿಲ್ಲ. ಮೊಬೈಲ್ ಚಾರ್ಜ್‌ಗೆ ಎಲ್ಲರೂ ಓಡಿದ್ದು ವಾಹನಗಳ ಕಡೆಗೇ. ಅಂಥ ಹೊತ್ತಿನಲ್ಲಿ ಗಾಡಿ ಸ್ಟಾರ್ಟ್ ಆಗದಿದ್ದರೆ ಏನು ಗತಿ ಎಂಬುದನ್ನು ಯೋಚಿಸಿ. ಫ್ರಿಜ್ ನಿಂತರೆ ಹಾಲು ಕೆಡುತ್ತದೆ, ಅಷ್ಟೇ. ಗಾಡಿ ನಿಂತರೆ ಮನೆಯವರೆಲ್ಲ ಕಾಡಿನ ನಡುವೆ ಉಳಿಯಬೇಕು. ಎರಡೂ ಬ್ಯಾಟರಿಗಳ ನಡುವೆ ಡಿಸಿ-ಡಿಸಿ ಚಾರ್ಜರ್ ಇರಲಿ, ರಿಲೇ ಇರಲಿ, ಎಂಜಿನ್ ನಿಂತ ಮೇಲೆ ಅವು ಪೂರ್ತಿ ಬೇರೆಯಾಗಿಯೇ ಇರಬೇಕು.

ಕಕ್ಕಬ್ಬೆ ದಾರಿ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಕ್ಲ್ಯಾಂಪ್ ಮೀಟರ್ ತಂದು ಅಳೆದೆವು. ಇನ್ವರ್ಟರ್ ಬರಿದೇ ಆನ್ ಇದ್ದಾಗ ಎಳೆಯುವುದು ತಂತಿ ಕೆಲಸದವರು ಹೇಳಿದ್ದಕ್ಕಿಂತಲೂ ಸ್ವಲ್ಪ ಹೆಚ್ಚೇ ಬಂತು. ಮನೆಯಲ್ಲಿ ಮಾತಾಡಿ ಮೊದಲು 12 ವೋಲ್ಟಿನ ಫ್ರಿಜ್ ಮತ್ತು ಫ್ಯಾನ್, ಅದರ ಜೊತೆಗೆ 30 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಎಂದು ತೀರ್ಮಾನಿಸಿದ್ದೇವೆ. ನಾವು ಒಮ್ಮೆ ಬಂದರೆ ನಾಲ್ಕೈದು ದಿನ ನಿಲ್ಲುವುದರಿಂದ ಗ್ಯಾರೇಜಿನವರ ಮಾತಿನಂತೆ ಲಿಥಿಯಂ ಕಡೆಗೇ ಒಲವಿದೆ. ಛಾವಣಿಯ ಪ್ಯಾನೆಲ್‌ಗಳನ್ನು ಹೆಚ್ಚಿಸುವುದಿಲ್ಲ, ಸಂಬಂಧಿಕರ ಗದ್ದೆಯಲ್ಲಿ ಮಡಚುವ ಪ್ಯಾನೆಲ್ ಇಡಲು ಒಪ್ಪಿಗೆ ಪಡೆದಿದ್ದೇವೆ. ಇನ್ವರ್ಟರನ್ನು ಮಿಕ್ಸಿ ತಿರುಗಿಸುವ ಹೊತ್ತಿಗೆ ಮಾತ್ರ ಆನ್ ಮಾಡುತ್ತೇವೆ. ಎರಡು ಸಂದೇಹ ಉಳಿದಿವೆ: ಇಂಡಕ್ಷನ್ ಒಲೆ ಸಾಧ್ಯವೇ, ಮತ್ತು ಫ್ಯೂಸ್ ಎಷ್ಟರದ್ದು ಹಾಕಬೇಕು?

ತಂತಿ ಕೆಲಸ

ಇಂಡಕ್ಷನ್ ಬೇಡ. 1,500 ವ್ಯಾಟ್‌ಗೆ 12 ವೋಲ್ಟಿನ ಬ್ಯಾಟರಿಯಿಂದ 140 ಆಂಪಿಯರ್ ಎಳೆಯಬೇಕಾಗುತ್ತದೆ, ತಮ್ಮ ಇನ್ವರ್ಟರೂ ತಡೆಯದು, 100 ಎಎಚ್ ಬ್ಯಾಟರಿಯ ಬಿಎಂಎಸ್ (ಒಳಗಿನ ರಕ್ಷಣಾ ಸರ್ಕ್ಯೂಟ್) ಕೂಡ ಸಾಮಾನ್ಯವಾಗಿ ಅಷ್ಟನ್ನು ಬಿಡದು. ಅಡುಗೆಗೆ ಗ್ಯಾಸ್ ಇರಲಿ.

ಬ್ಯಾಟರಿಯ ಪ್ಲಸ್ ಲಗ್ಗಿನಿಂದ (ತಂತಿಯ ತುದಿಯ ಲೋಹದ ಬಳೆಯಿಂದ) ಒಂದು ಗೇಣಿನೊಳಗೆ 100 ಆಂಪಿಯರಿನ ಮುಖ್ಯ ಫ್ಯೂಸ್ ಇರಬೇಕು, ಅಲ್ಲಿಂದ ಇನ್ವರ್ಟರಿಗೆ 25 ಚದರ ಮಿ.ಮೀ. ತಾಮ್ರದ ತಂತಿ. ಫ್ಯೂಸ್ ಕಾಯುವುದು ತಂತಿಯನ್ನು, ಸಾಮಾನನ್ನಲ್ಲ, ಆದ್ದರಿಂದ ತಂತಿ ಹೊರಬಲ್ಲುದಕ್ಕಿಂತ ದೊಡ್ಡ ಫ್ಯೂಸ್ ಹಾಕಬಾರದು. ಡಿಸಿ-ಡಿಸಿ ಚಾರ್ಜರಿನ ತಂತಿಗೆ ಎರಡೂ ತುದಿಯಲ್ಲಿ ಒಂದೊಂದು ಫ್ಯೂಸ್ ಬೇಕು, ಅದರ ಎರಡು ಕಡೆಯೂ ಬ್ಯಾಟರಿಗಳಿವೆ. ಹಳೆಯ ಇನ್ವರ್ಟರಿನ ಒಳಗಿರುವ ಚಾರ್ಜರ್ ಟ್ಯೂಬುಲರಿಗೆಂದು ಹೊಂದಿಸಿದ್ದು. ಹೋಂಸ್ಟೇಯಲ್ಲಿ ಪ್ಲಗ್ ಹಾಕುವಾಗ ಅದನ್ನು ಬಳಸದೆ ಲಿಥಿಯಂಗೆಂದೇ ಇರುವ ಚಾರ್ಜರ್ ಬಳಸಿ. ಮಳೆಗಾಲದ ತೇವಕ್ಕೆ ಲಗ್ಗುಗಳ ಮೇಲೆ ಹಸಿರು ಕಟ್ಟುತ್ತದೆ, ಬಿಗಿ ಮಾಡಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ.

ವಿರಾಜಪೇಟೆ ಗ್ಯಾರೇಜ್

25 ಚದರ ಮಿ.ಮೀ. ತಂತಿಗೆ ಲಗ್ ಹೊಡೆಯಲು ಸುತ್ತಿಗೆ ಬಳಸಬೇಡಿ, ಹೈಡ್ರಾಲಿಕ್ ಕ್ರಿಂಪಿಂಗ್ ಉಪಕರಣ ಬೇಕು. ಸಡಿಲವಾದ ಲಗ್ ಕಾದು ತಂತಿಯ ಹೊದಿಕೆ ಕರಗುತ್ತದೆ, ಫ್ಯೂಸ್‌ಗೆ ಅದು ತಿಳಿಯುವುದೂ ಇಲ್ಲ. ಅಳತೆ ತೆಗೆದುಕೊಂಡು ಬಂದರೆ ಯಾವ ಗ್ಯಾರೇಜಿನಲ್ಲಾದರೂ ಹತ್ತು ನಿಮಿಷದಲ್ಲಿ ಮಾಡಿಕೊಡುತ್ತಾರೆ.